ಕಿಟಕಿ ಸಾಲಿನ ಯಶೋಧರಾ

ಟಿ.ಬಿ. ಡ್ಯಾಂ ಕಡೆಯಿಂದ ಮಳೆ ಸುರಿದುಕೊಂಡು ಬಂದ ಆ ಸಂಜೆ ನರ್ಸುಗಳ ಬಾಡಿಗೆ ಮನೆಯಲ್ಲಿ ಕರೆಂಟು ಹೋಗಿತ್ತು, ಆದರೆ ಮಿರ್ಚಿ ಭಜಿ ಬಿಸಿಯಾಗಿದ್ದವು. ತಟ್ಟೆಯ ಸುತ್ತ ಕುಳಿತವರೆಲ್ಲ ಖುಷಿಯಾಗಿದ್ದರು, ಅಂಜಲಿಯೊಬ್ಬಳು ಮಾತ್ರ ಕೈಯಲ್ಲಿದ್ದ ಹಾಳೆಯನ್ನು ಮಡಚಿ ಬಿಚ್ಚುತ್ತಿದ್ದಳು. ನಾಳೆಯಿಂದ ಹೊಸಪೇಟೆಯ ಖಾಸಗಿ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿನಲ್ಲಿ ನಲವತ್ತು ಹಾಸಿಗೆಗೆ ಅವಳೊಬ್ಬಳೇ ನರ್ಸ್. ಆರು ರೋಗಿಗೆ ಒಬ್ಬ ನರ್ಸ್ ಇರಬೇಕೆಂದು ಓದಿ ಪಾಸಾದವಳು. ಇನ್ನೊಬ್ಬರನ್ನು ಕೊಡಿ ಎಂದು ಅರ್ಜಿ ಬರೆದಿದ್ದಳು, ಜೊತೆಗೆ ಸಹಿ ಹಾಕಲು ಯಾರಿಗೂ ಧೈರ್ಯವಿರಲಿಲ್ಲ.

ಅದೇ ವಾರ್ಡಿನಲ್ಲಿ ಮೂವತ್ತು ವರ್ಷ ಆಯಾ ಆಗಿದ್ದು ನಿವೃತ್ತಳಾದ ತಿಪ್ಪಕ್ಕ ಅರ್ಜಿಯನ್ನು ಮೊಬೈಲ್ ಬೆಳಕಿಗೆ ಹಿಡಿದು ಓದಿ ನಕ್ಕಳು.

"ಹಾಳಿ ಮ್ಯಾಲೆ ಅಲ್ಲಿ ಇಬ್ರು ಅದಾರವ್ವ... ಹತ್ರ ಸರೀರಿ, ಹೇಳ್ತೀನಿ. ಯಶೋಧರಾ ಸಿಸ್ಟರ್ ಅಂತಿದ್ಲು, ಪಾಪಿನಾಯಕನಹಳ್ಳಿಯಾಕಿ. ಜ್ವರ ಇದ್ರೂ ಡ್ಯೂಟಿ ಬಿಡ್ಲಿಲ್ಲ, ಬಿಟ್ರ ನೋಡಾಕ ಯಾರದಾರ? ಅದ್ರಾಗ ತೀರಿಕೊಂಡ್ಲು, ಒಂಬತ್ತು ವರ್ಷಾತು. ಮಣ್ಣು ಮಾಡಿ ಬಂದ್ವಿ... ಆದ್ರ ಡ್ಯೂಟಿ ಪಟ್ಟ್ಯಾಗಿನ ಹೆಸರು ಯಾರೂ ತಗೀಲಿಲ್ಲ. ತಪಾಸಣೆಯವ್ರು ಬರೋರಿದ್ರು, ಒಂದೇ ಹೆಸರಿದ್ರ ತಕರಾರು ಆಗತೈತಿ ಅಂತ ಮ್ಯಾನೇಜರ್ ಈಶ್ವರ್ ಹಂಗಾ ಬಿಟ್ಟ. ಬಂದೋರು ಹೆಸರು ಎಣಿಸಿದ್ರು, ಮಂದೀನ ಎಣಿಸ್ಲಿಲ್ಲ.

"ಡ್ಯೂಟಿ ಹಾಕಿದ ಮ್ಯಾಲೆ ಆಕಿ ಬರದ ಇರ್ತಾಳೇನು?

"ಒಂದಿನ ಮಧ್ಯಾಹ್ನ ರೇಣುಕಾದೇವಿ ಸಿಸ್ಟರ್ ಒಬ್ಬಾಕೀನ ಇದ್ಲು. ಬಾಗಿಲ ಸಾಲಿನಾಗ ಬಾಣಂತಿಗೆ ರಕ್ತ ನಿಲ್ಲವಲ್ದು, ಅದೇ ಹೊತ್ತಿಗೆ ಕಿಟಕಿ ಸಾಲಿನ ಕಡೀ ಹಾಸಿಗ್ಯಾಗ ಕಂಪ್ಲಿ ಮುದುಕಿಗೆ ಉಸಿರು ಸಿಕ್ಕೊಂಡು... ಎತ್ತಾಗ ಓಡಬೇಕು ಹೇಳ್ರಿ? ನಾನು ಡಾಕ್ಟರನ್ನ ಕರಿಯಾಕ ಓಡಿದೆ, ರೇಣುಕಾ ಅಳಕೋತನಾ ಬಾಣಂತೀನ ನೋಡಿದ್ಲು. ನಾ ತಿರುಗಿ ಬರೂದ್ರಾಗ ರಕ್ತ ನಿಂತಿತ್ತು. ಮುದುಕಿ ಹೋಗೇಬಿಟ್ಟಿರ್ತಾಳ ಅಂತ ಎದಿ ಹಿಡಕೊಂಡು ಹೋಗಿ ನೋಡಿದ್ರ... ಮೂಗಿಗೆ ಆಕ್ಸಿಜನ್ ಹಾಕೇತಿ, ಮುದುಕಿ ಆರಾಮ ನಿದ್ದಿ ಹೊಡ್ಯಾಕತ್ತಾಳ. ಚಾರ್ಟ್‌ನ್ಯಾಗ ಟೈಮು ಬರದು ಸಹಿ ಮಾಡೇತಿ. ಯಶೋಧರಾ ಅಂತ... ಶಾಯಿ ಇನ್ನಾ ಹಸಿ. ದೆವ್ವ ಅಂತೀರೇನು? ನಮಗ ಆಕಿ ಸ್ಟಾಫು."

ಯಾರೂ ಮಿರ್ಚಿ ಮುಟ್ಟಲಿಲ್ಲ. ಅಂಜಲಿಗೆ ಹೆದರಿಕೆಗಿಂತ ಹೆಚ್ಚಾಗಿ ನಿರಾಳವೆನಿಸಿತು. ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

"ಈಗ್ಲೂ ಬರ್ತಾಳೇನಜ್ಜಿ?"

"ನಾಳಿನ ಪಟ್ಟ್ಯಾಗ ಎರಡು ಹೆಸರದಾವ, ಹೋಗಿ ನೋಡು. ನೀನು ಬಾಗಿಲ ಸಾಲು ನೋಡ್ಕೊ. ಕಿಟಕಿ ಕಡೆ ಯಾರರ ನಡದಾಡಿದ್ರ ತಿರುಗಿ ನೋಡಬ್ಯಾಡ, ಕೆಲಸದಾಗ ಇರ್ತಾಳ."

ತಿಪ್ಪಕ್ಕ ಪೆನ್ನು ಕೇಳಿ ಇಸಿದುಕೊಂಡು, ಅರ್ಜಿಯ ಕೆಳಗೆ ನಿಧಾನವಾಗಿ ತನ್ನ ಹೆಸರು ಬರೆದು, ಪೆನ್ನನ್ನು ಪಕ್ಕದವಳ ಕೈಗೆ ಕೊಟ್ಟಳು.

"ಆದ್ರ ಇದನ್ನ ಕೊಟ್ಟಬಿಡ್ರಿ... ಒಂಬತ್ತು ವರ್ಷದಾಗ ಆಕಿಗೆ ಒಂದು ದಿನಾನೂ ರಜಾ ಸಿಕ್ಕಿಲ್ಲ."