ಡಬ್ಬ ಇರುವ ಕಂಪ್ಯೂಟರ್

ಉಚ್ಚಿಲದಿಂದ ಉಡುಪಿಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ತಾಯಿ, ಮಗಳು ಕುಳಿತಿದ್ದರು. ಮನೆಯ ಹಳೆಯ ಕಂಪ್ಯೂಟರ್ ಕೆಟ್ಟು ಹೋಗಿತ್ತು. ಬೇರೊಂದು ತರಲು ಹೊರಟಿದ್ದರು.

"ಅಮ್ಮಾ, ಡೆಸ್ಕ್‌ಟಾಪಿನ ರೇಟಿಗೇ ಲ್ಯಾಪ್‌ಟಾಪ್ ಸಿಗುತ್ತದೆ. ಕರೆಂಟು ಹೋದರೂ ನಡೆಯುತ್ತದೆ."

"ಬೇಡ. ನನಗೆ ಡಬ್ಬ ಇರುವುದೇ ಬೇಕು."

"ನೀವು ಟೈಪ್ ಮಾಡುವುದು ಭಜನೆ ಹಾಡು ಮಾತ್ರ. ಅದಕ್ಕೆ ಡಬ್ಬ ಎಂತಕ್ಕೆ?"

"ಆಯುಧಪೂಜೆಗೆ ಕುಂಕುಮ ಇಡಲಿಕ್ಕೆ."

"ಲ್ಯಾಪ್‌ಟಾಪಿಗೂ ಇಡಬಹುದಲ್ವಾ?"

"ಇಡಬಹುದು. ಪೂಜೆಯ ದಿನ ಅದು ಮನೆಯಲ್ಲಿ ಇರಬೇಕಲ್ಲ?"

ಮಗಳು ಕಿಟಕಿಯತ್ತ ತಿರುಗಿದಳು.

"ನಿನ್ನ ಅಣ್ಣ ನನಗೆಂದು ತಂದ ಟ್ಯಾಬು ಅವನ ಜೊತೆಯೇ ಮಸ್ಕತ್ತಿಗೆ ಹೋಯಿತು. ಅದಕ್ಕೂ ಮೊದಲು ಒಂದು ಲ್ಯಾಪ್‌ಟಾಪ್ ಇತ್ತು. ಅದು ಈಗ ಎಲ್ಲಿ ಉಂಟು?"

"ನನ್ನ ಆಫೀಸಿನಲ್ಲಿ."

"ಹಾಂ. ಮಡಚಲಿಕ್ಕೆ ಆಗುವಂಥದ್ದು ಯಾವುದೂ ನನ್ನ ಹತ್ತಿರ ಉಳಿಯುವುದಿಲ್ಲ, ಮಗಾ."

ಕಂಡಕ್ಟರ್ ಉಡುಪಿ ಬಂತೆಂದು ಕೂಗಿದ. ಇಬ್ಬರೂ ಎದ್ದರು.

"ಸರಿ, ಡಬ್ಬ ಇರುವುದನ್ನೇ ತೆಗೆದುಕೊಳ್ಳುವ," ಎಂದಳು ಮಗಳು.

ತಾಯಿ ಮೆಟ್ಟಿಲಿಳಿಯುತ್ತಾ ಹೇಳಿದರು:

"ಇದ್ದುದರಲ್ಲಿ ಹೆಚ್ಚು ಭಾರದ್ದು ಯಾವುದೆಂದು ಅಂಗಡಿಯವನ ಹತ್ತಿರ ಕೇಳು."