ಸರ್ವರಬೇಗಂ ಅವರ ಐದು ಕೀಲಿಗಳು

ಅಧ್ಯಕ್ಷರಾದ ಪರಮಣ್ಣನವರೇ, ನೀರಾವರಿ ಇಲಾಖೆಯ ಅಧಿಕಾರಿಗಳೇ, ಸಗರ, ದೋರನಹಳ್ಳಿ ಕಡೆಯಿಂದ ಬಂದ ಹಿರಿಯರೇ, ಅಕ್ಕತಂಗಿಯರೇ, ಊಟದ ವಾಸನೆಗೆ ಕುರ್ಚಿಯನ್ನು ಹಿಂದಿನ ಬಾಗಿಲ ಕಡೆ ಸರಿಸಿಕೊಂಡಿರುವ ನನ್ನ ಆತ್ಮೀಯ ಸಭಿಕರೇ,

ಕಾರ್ಯದರ್ಶಿ ಅಮರಪ್ಪನಿಗೆ ಐದೇ ನಿಮಿಷ ಎಂದು ಅಧ್ಯಕ್ಷರು ಮೊದಲೇ ಹೇಳಿಬಿಟ್ಟಿದ್ದಾರೆ. ಕನ್ನಡಕ ಒರೆಸಿಕೊಳ್ಳುವುದಕ್ಕೇ ನನಗೆ ಅಷ್ಟು ಬೇಕು. ಇರಲಿ.

ಇಂದು ನಮ್ಮ ನೀರು ಬಳಕೆದಾರರ ಸಂಘ ಸನ್ಮಾನಿಸುತ್ತಿರುವುದು ಕಚೇರಿಯ ಕಂಪ್ಯೂಟರ್ ಆಪರೇಟರ್ ಸರ್ವರಬೇಗಂ ಅವರನ್ನು. ಹೊಲಕ್ಕೆ ನೀರು ಬರದಿದ್ದರೆ ನೀವು ಫೋನಿನಲ್ಲಿ ಬೈಯುವುದು ಯಾರಿಗೆ? ಇವರಿಗೆ. ಬೈಸಿಕೊಳ್ಳುತ್ತಲೇ ನಿಮ್ಮ ದೂರನ್ನು ಸಂಘದ ವೆಬ್ ಪುಟಕ್ಕೆ ಏರಿಸುವವರು ಯಾರು? ಇವರೇ. ಅದನ್ನು ನೋಡಿಯೇ ನೀರು ಬಿಡುವ ಗೇಟಿನವರು ಕಾಲುವೆ ಕಡೆ ಹೊರಡುತ್ತಾರೆ.

ಹೋದ ವರ್ಷ ಇವರಿಗೆ ಲಕ್ವಾ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಕೆಲಸಕ್ಕೆ ಮರಳಿ ಬಂದರು, ಎಡಗೈಯಲ್ಲಿ ಮೌಸ್ ಹಿಡಿದರು. ಪರದೆಯ ಮೇಲೆ ಬಾಣ ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡುತ್ತಿತ್ತು. ಇತ್ತ ಫೋನಿನಲ್ಲಿ ರೈತರ ಕೂಗಾಟ. ಬೇರೆಯವರನ್ನು ನೋಡೋಣ ಎಂದು ಆಡಳಿತ ಮಂಡಳಿಯಲ್ಲಿ ಮಾತು ಬಂತು. ಬೇಗಂ ಅವರ ಮನೆಯಲ್ಲಿ ದುಡಿಯುವ ಜೀವ ಅದೊಂದೇ. ನನ್ನ ಹೆಂಡತಿಯ ಅಕ್ಕನ ಮಗ ಆಗ ಕಂಪ್ಯೂಟರ್ ಕೋರ್ಸ್ ಮುಗಿಸಿ ಖಾಲಿ ಕೂತಿದ್ದನಲ್ಲ, ಅದಕ್ಕೂ ಆ ಮಾತಿಗೂ ಏನೂ ಸಂಬಂಧವಿಲ್ಲ. ಯಾಕೆ ನಗುತ್ತೀರಿ?

ಆಗ ಇವರು ಮಾಡಿದ್ದೇನು? ಆ ಪುಟದ ಒಳಗಿನ ಬರಹ, ಅಂದರೆ ಎಚ್‌ಟಿಎಂಎಲ್ ತೆರೆದರು. ಕಾಲುವೆಯ ಐದು ಭಾಗಗಳಿಗೆ ಅಲ್ಲಿ ಐದು ಗುಂಡಿಗಳಿದ್ದವು; ಯಾವ ಭಾಗದ ಗುಂಡಿ ಒತ್ತಿದರೆ ಆ ಭಾಗದ ದೂರು ಏರುತ್ತಿತ್ತು. ಪ್ರತಿ ಗುಂಡಿಯ ಸಾಲಿನಲ್ಲೂ ಆಕ್ಸೆಸ್‌ಕೀ ಎಂದು ಬರೆದು, ಮುಂದೆ ಒಂದೊಂದು ಅಂಕಿ ಕೊಟ್ಟರು. ಅಷ್ಟೇ! ಕೀಲಿಮಣೆಯ ಆಲ್ಟ್ ಕೀಲಿಯ ಮೇಲೆ ಎಡಗೈ ಹೆಬ್ಬೆರಳು, ಅಂಕಿಯ ಮೇಲೆ ಇನ್ನೊಂದು ಬೆರಳು. ಮೌಸ್ ಮುಟ್ಟದೆ ಗುಂಡಿ ಒತ್ತಿದಂತಾಯಿತು. ಮರೆಯದಿರಲೆಂದು ಗುಂಡಿಯ ಪಕ್ಕದಲ್ಲೇ ಅಂಕಿ ಕಾಣುವಂತೆಯೂ ಬರೆದರು. ಕಾಲುವೆಯ ತಲೆಗೆ ಒಂದು, ಕಡೆಗೆ ಐದು.

ಅಲ್ಲೇ ಎಡವಟ್ಟಾಯಿತು. ನೀರಿನ ಪಾಳಿ ಕಾಯ್ದು ಕಾಯ್ದು ಸಾಕಾದ ಜನ ನಾವು. ಅಂಕಿ ಕಂಡರೆ ಸರತಿಯೇ ಅನ್ನುತ್ತೇವೆ. ಕಡೆಯ ಭಾಗದವರು ಮೊಬೈಲಿನಲ್ಲಿ ಪುಟ ನೋಡಿದರು, ಟ್ರ್ಯಾಕ್ಟರ್ ತುಂಬ ಬಂದರು. ಅವರ ಮುಂದಾಳು ಭಾಗಣ್ಣನವರು ಮೇಜು ಗುದ್ದಿದರು.

"ಕಾಲುವ್ಯಾಗ ನಾವs ಕಡೀಗಿ, ಕಂಪ್ಯೂಟರ್ದಾಗೂ ಕಡೀಗೇನ್ರಿ? ಮೊದಲು ಆ ನಂಬರ್ ತೆಗೀರಿ."

ಕಾಣುವ ಅಂಕಿ ಅಳಿಸಿದರೆ ಸಾಲದು, ಒಳಗಿನದೂ ಹೋಗಬೇಕೆಂದು ಪಟ್ಟು. ಅದು ಹೋದರೆ ಇವರ ನೌಕರಿಯೂ ಹೋದಂತೆ. ನಾನು ಬುದ್ಧಿವಂತ ನೋಡಿ, ಐದೂ ಭಾಗಕ್ಕೆ ಒಂದು ಎಂಬ ಅಂಕಿಯನ್ನೇ ಕೊಟ್ಟುಬಿಡಿ ಎಂದೆ. ಹಾಗೆ ಮಾಡಿದರೆ ಆ ಕೀಲಿ ಗುಂಡಿಯಿಂದ ಗುಂಡಿಗೆ ಬರೀ ಜಿಗಿಯುತ್ತದೆ, ಯಾವುದನ್ನೂ ಒತ್ತುವುದಿಲ್ಲವಂತೆ.

"ಎಲ್ಲಾ ಗೇಟು ಒಮ್ಮೆಲೇ ಎತ್ತಿದ್ರ ಕಡೀಗಿ ನೀರು ಮುಟ್ಟತಾವೇನ್ರಿ, ಕಾಕಾ?" ಎಂದು ಬೇಗಂ ಮೆಲ್ಲಗೆ ಕೇಳಿದರು. ನಾನು ಕನ್ನಡಕ ಒರೆಸಿಕೊಂಡೆ.

ಆಗ ಕಡೆಯ ಭಾಗದ ತಿಮ್ಮವ್ವನವರು ಮುಂದೆ ಬಂದು, ನನ್ನ ದೂರು ಬರಿ ನೋಡೋಣ ಎಂದರು. ಬೇಗಂ ಆಲ್ಟ್ ಹಿಡಿದು ಐದು ಒತ್ತಿದರು. ತಿಮ್ಮವ್ವನ ಬೈಗುಳ ಇನ್ನೂ ಅರ್ಧಕ್ಕಿತ್ತು, ದೂರು ಪುಟಕ್ಕೆ ಏರಿ ಆಗಿತ್ತು. ಮಧ್ಯಾಹ್ನದ ಹೊತ್ತಿಗೆ ಅವರ ಹತ್ತಿಗೆ ನೀರೂ ಬಂತು. ಸಂಜೆ ಫೋನ್ ಮಾಡಿದರು.

"ಆ ಐದು ಹಂಗs ಇರ್ಲಿ ಯವ್ವಾ. ಒಂದು ಅಂತ ಬರಕೊಂಡು ಒಣಗೋದಕ್ಕಿಂತ ಇದs ಚಲೋ."

ಭಾಗಣ್ಣನವರ ಟ್ರ್ಯಾಕ್ಟರ್ ಮತ್ತೆ ಬರಲಿಲ್ಲ.

ನನ್ನ ಹೆಂಡತಿಯ ಅಕ್ಕನ ಮಗನಿಗೂ ಸುರಪುರದಲ್ಲಿ ಕೆಲಸ ಸಿಕ್ಕಿದೆ, ದೇವರು ದೊಡ್ಡವನು. ಸರ್ವರಬೇಗಂ ಅವರನ್ನು ಇಂದಿನಿಂದ ಕಾಯಂ ಮಾಡಿದ್ದೇವೆ. ಚಪ್ಪಾಳೆ ಜೋರಾಗಿ ಬರಲಿ! ಬರ್ರಿ ತಂಗಿ, ಆದೇಶ ತಗೋರಿ.

ಯಾಕೆ ನಿಂತುಬಿಟ್ಟಿರಿ? ಹಿರಿಯರ ಮುಂದೆ ಎಡಗೈ ಹೇಗೆ ಚಾಚುವುದೆಂದೇ? ನೋಡ್ರಿ, ಸಭೆ ಎದ್ದು ನಿಂತಿದೆ, ತಿಮ್ಮವ್ವನೇ ಎಲ್ಲರಿಗಿಂತ ಮೊದಲು. ಈ ಕಾಲುವೆ ನಂಬಿದ ಮನೆಗಳೆಲ್ಲ ಆ ಕೈಯಿಂದಲೇ ಉಂಡಿವೆ. ಎಡಗೈಲೇ ತಗೋರಿ ತಂಗಿ.

ಕೇಳಿಸಿಕೊಂಡ ನಿಮಗೂ, ಕೇಳದೆ ಊಟಕ್ಕೆ ಎದ್ದವರಿಗೂ ವಂದನೆಗಳು. ನಮಸ್ಕಾರ.