ಶೆರ್ವಿನ್ ಬ್ಯಾಟ್ ಹಿಡಿದು ಬಂದಾಗ

ಹಲೋ? ಹಲೋ, ಯಾರು ಮಾತಾಡ್ತಿರೋದು? ಇಲ್ಲಿ ಟಿವಿ ಸದ್ದು ಜಾಸ್ತಿ ಇದೆ, ಸ್ವಲ್ಪ ಜೋರಾಗಿ ಹೇಳಿ...

...ಹಾಂ, ಹೌದು, ಪದ್ಮಿನೀನೇ. ಆಲ್ಮೆರೆ ಊರಿಂದ. ಕನ್ನಡ ಗ್ರೂಪಲ್ಲಿ ಮೆಸೇಜ್ ಹಾಕಿದ್ದು ನಾನೇ... ಅನಂತರಾಮ್ ಅಂತಾನಾ? ಜೂಟರ್‌ಮೀರಿಂದ? ಸರ್, ನಿಮಗೆ ನಿಜವಾಗ್ಲೂ ಬೇಸ್‌ಬಾಲ್ ಗೊತ್ತಾ?

...ಒಸಾಕಾದಲ್ಲಿ ಆರು ವರ್ಷ ಇದ್ರಾ! ಅಯ್ಯೋ, ದೇವರು ಬಂದ ಹಾಗೆ ಬಂದ್ರಿ ಸರ್. ನೂರೈವತ್ತು ಜನ ಇದಾರೆ ಆ ಗ್ರೂಪಲ್ಲಿ, ಎಲ್ಲರೂ ನಗೋ ಮುಖ ಹಾಕಿ ಸುಮ್ಮನಾದ್ರು...

...ಛೆ ಛೆ, ಬೆಟ್ಟಿಂಗ್ ಗಿಟ್ಟಿಂಗ್ ಏನಿಲ್ಲ! ನಮ್ಮ ಪಕ್ಕದ ಮನೆ ಮಾರ್ಟಿನಾ ಆಂಟಿಗೋಸ್ಕರ. ಕುರಸಾವ್ ದ್ವೀಪದವರು, ಈ ಡಚ್ಚರ ದೇಶಕ್ಕೆ ಬಂದು ಮೂವತ್ತು ವರ್ಷ ಆಯ್ತು. ಅವರ ಮಗ ಶೆರ್ವಿನ್ ಜಪಾನಲ್ಲಿ ಆಡ್ತಾನೆ. ಇವತ್ತು ಅಲ್ಲಿ ಚಾಂಪಿಯನ್‌ಶಿಪ್ಪಿನ ಏಳನೇ ಮ್ಯಾಚು. ಮೂರು ಇವರು ಗೆದ್ದಿದಾರೆ, ಮೂರು ಅವರು...

...ಹಾಂ, ಅದೇ, ಜಪಾನ್ ಸೀರೀಸ್. ನೀವೂ ನೋಡ್ತಿದೀರಾ?... ಪಾರ್ಕಿಂಗಲ್ಲಾ? ಹೆಂಡತಿ ಅಂಗಡಿ ಒಳಗೆ ಹೋಗಿದಾರಾ? ಒಳ್ಳೇದೇ ಆಯ್ತು ಸರ್, ಬೇಗ ಬರಲ್ಲ. ನಾನು ನೋಡಿದ್ದನ್ನ ಹೇಳ್ತೀನಿ, ಅದೇನು ಅಂತ ನೀವು ಹೇಳಿ...

...ಇಲ್ಲ ಸರ್, ಆಂಟಿಗೆ ಆಟ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತು. ಆದ್ರೆ ನೋಡೋ ಹಾಗಿಲ್ಲ. ಮೊನ್ನೆ ಕಣ್ಣಿನ ಪರದೆಗೆ ಆಪರೇಷನ್ ಆಗಿದೆ. ಕಣ್ಣೊಳಗೆ ಗಾಳಿಗುಳ್ಳೆ ಬಿಟ್ಟಿದಾರಂತೆ, ಒಂದು ವಾರ ಮುಖ ಕೆಳಗೆ ಮಾಡ್ಕೊಂಡೇ ಇರ್ಬೇಕು. ಇನ್ನೊಂದು ಕಣ್ಣಲ್ಲಿ ಮೊದಲಿಂದಾನೂ ಮಂಜು. ಈಗ ಸೋಫಾ ಮೇಲೆ ಬೋರಲು ಮಲಗಿದಾರೆ. ಟಿವಿಯವರದ್ದು ಜಪಾನಿ ಭಾಷೆ. ನನಗೆ ಕ್ರಿಕೆಟ್ ಬಿಟ್ಟು ಇನ್ನೊಂದು ಗೊತ್ತಿಲ್ಲ, ಡಚ್ ಅಷ್ಟಕ್ಕಷ್ಟೇ. ಆಗಲೇ ಒಬ್ಬ ಬಾಲನ್ನ ಜನರ ಮಧ್ಯಕ್ಕೆ ಹೊಡೆದ, ನಾನು ಸಿಕ್ಸ್ ಅಂದೆ. ಆರು ರನ್ ಬಂತಾ ಅಂತ ಆಂಟಿ ಎದ್ದೇಬಿಡೋರು...

...ನಗಬೇಡಿ ಸರ್! ರೈಲು ಲೇಟಾದಾಗೆಲ್ಲ ನನ್ನ ಮಗಳನ್ನ ಓಪ್‌ವಾಂಗಿಂದ, ಅದೇ ಡೇಕೇರಿಂದ, ಕರ್ಕೊಂಡು ಬಂದು ಊಟ ಹಾಕಿರೋರು ಇವರು. ಇಷ್ಟಾದ್ರೂ ಮಾಡಬೇಡ್ವಾ...

...ಮಗನಾ? ಆಪರೇಷನ್ನಿಗೆ ಬರ್ತೀನಿ ಅಂದಿದ್ದನಂತೆ. ಫೈನಲ್ ಬಿಟ್ಟು ಬಂದ್ರೆ ಬಾಗಿಲು ತೆಗೆಯಲ್ಲ ಅಂತ ಇವರೇ ಬೈದಿದಾರೆ. ಅಮ್ಮನ ವಿಷಯ ಕೇಳೋಕೆ ಅಂತ ನನ್ನ ನಂಬರ್ ಇಸ್ಕೊಂಡಿದಾನೆ. ಮೂವತ್ತೆಂಟು ವರ್ಷ ಸರ್ ಅವನಿಗೆ. ಈ ವರ್ಷಕ್ಕೆ ಆಟ ಮುಗೀತು, ಇದೇ ಕೊನೆ. ಪಾಪ, ಆರು ಮ್ಯಾಚಲ್ಲೂ ಬೆಂಚಲ್ಲೇ ಕೂರಿಸಿದಾರೆ...

...ಎರಡು ಎರಡು. ಸಮ. ಕೊನೆ ಇನಿಂಗ್ಸು, ಒಂಬತ್ತನೇದು. ಬಿಳಿ ಶರ್ಟ್ ನಮ್ಮವರು, ಬ್ಯಾಟಿಂಗ್ ನಮ್ಮದೇ. ಒಬ್ಬ ಔಟು. ಇನ್ನೊಬ್ಬ ಮೂರನೇ ಮೂಲೇಲಿ ನಿಂತಿದಾನೆ... ಹಾಂ, ಬೇಸು, ಮೂರನೇ ಬೇಸು. ಅವನು ಹೋಮಿಗೆ, ಅಂದ್ರೆ ಬ್ಯಾಟ್ ಮಾಡೋ ಜಾಗಕ್ಕೆ, ಓಡಿ ಬಂದ್ರೆ ಗೆದ್ದ ಹಾಗಾ? ಅಷ್ಟೇನಾ? ಕಪ್ ನಮ್ಮದೇನಾ?

ಇರಿ ಸರ್, ಇರಿ... ಬ್ಯಾಟ್ಸ್‌ಮನ್ನನ್ನ ವಾಪಸ್ ಕರೀತಿದಾರೆ. ಬೇರೆ ಯಾರೋ ಹೆಲ್ಮೆಟ್ ಹಾಕ್ಕೊಂಡು... ಸರ್! ಶೆರ್ವಿನ್! ಶೆರ್ವಿನ್ನೇ ಬರ್ತಿರೋದು! ಆಂಟಿ, ಯಾ, ಯಾ, ಶೆರ್ವಿನ್! ಮಲ್ಕೊಳ್ಳಿ, ಏಳ್ಬೇಡಿ!... ನೋಡಿ, ಅವಸರದಲ್ಲಿ ಅವರ ಹತ್ರಾನೂ ಕನ್ನಡದಲ್ಲೇ ಮಾತಾಡಿಬಿಟ್ಟೆ...

...ಮೊದಲನೇ ಬಾಲು ಬಿಟ್ಟ. ಕೀಪರ್ ಹಿಡಿದ, ಹಿಂದಿರೋ ಅಂಪೈರು ಏನೋ ಕೂಗಿದ... ಬಿಟ್ರೂ ಸ್ಟ್ರೈಕಾ? ಮೂರಾದ್ರೆ ಔಟಾ? ಇದೇನು ಅನ್ಯಾಯ...

...ಬೀಸಿದ. ತಗಲಿಲ್ಲ. ಆಂಟಿಗೆ ನಾನು ಹೇಳ್ಬೇಕಾಗೇ ಇಲ್ಲ ಸರ್, ಬ್ಯಾಟಿನ ಸದ್ದು ಬರಲಿಲ್ಲವಲ್ಲ. ದಿಂಬನ್ನ ಎರಡೂ ಕೈಲಿ ಹಿಡ್ಕೊಂಡಿದಾರೆ...

...ಸರ್, ಒಂದು ಕೇಳ್ತೀನಿ. ಔಟಾದ್ರೆ ಏನು ಹೇಳ್ಲಿ? ಮಗನ ಕೊನೇ ಆಟ. ಅವರಿಗೆ ಹೇಗೂ ಕಾಣ್ಸಲ್ಲ, ಜಪಾನಿ ಅರ್ಥ ಆಗಲ್ಲ... ನಿಜಾನೇ ಹೇಳ್ಬೇಕಾ?... ಹೂಂ. ನನಗೂ ಹಾಗೇ ಅನ್ಸುತ್ತೆ. ಸುಳ್ಳು ಹೇಳಿ ನಾಳೆ ಇವರ ಮುಖ ಹೇಗೆ ನೋಡ್ಲಿ...

ತಗಲ್ತು! ಹಿಂದಕ್ಕೆ ಹೋಯ್ತು, ಜನರ ಮೇಲೆ. ಕ್ರಿಕೆಟ್ಟಲ್ಲಾದ್ರೆ ಬೌಂಡರಿ ಸರ್... ಫೌಲಾ? ಔಟಲ್ವಾ? ಇನ್ನೊಂದು ಸಿಗುತ್ತಾ?... ಮತ್ತೆ ಫೌಲು... ಮತ್ತೆ ಅದೇ...

...ಸರ್, ಲೈನಲ್ಲಿದೀರಾ? ಏನು, ಮೇಡಂ ಬಂದ್ರಾ? ಸ್ಪೀಕರ್ ಹಾಕಿ. ನಮಸ್ತೆ ಮೇಡಂ, ಎರಡೇ ನಿಮಿಷ, ಹಾಲು ಕೆಡಲ್ಲ ಬಿಡಿ...

ಹೊಡೆದ! ಸರ್ ಹೊಡೆದ! ಮೇಲೆ, ಮೇಲೆ, ಎಡಗಡೆ... ಹೋಗ್ತಿದೆ... ಒಬ್ಬ ಹಿಂದೆ ಹಿಂದೆ ಓಡ್ತಿದಾನೆ, ಗೋಡೆ ಹತ್ರ... ಅಯ್ಯೋ. ಹಿಡಿದ. ಕ್ಯಾಚು. ನೋಡಕ್ಕಾಗಲ್ಲ ಸರ್, ಟಿವಿಗೆ ಬೆನ್ನು ಹಾಕಿದೆ. ಆಂಟಿ... ಔಟ್, ಆಂಟಿ. ಸಾರಿ...

...ಏನು ಸರ್? ಇಬ್ಬರೂ ಒಟ್ಟಿಗೆ ಕೂಗಬೇಡಿ! ಬಾಲು ಎಷ್ಟು ದೂರ ಹೋಯ್ತು ಅಂತಾನಾ?... ಆಂಟೀನೂ ಅದನ್ನೇ ಕೇಳ್ತಿದಾರೆ. ತುಂಬ ದೂರ ಸರ್, ಗೋಡೆವರೆಗೂ. ಯಾಕೆ?... ಕ್ಯಾಚಾದ ಮೇಲೂ ಮೂರನೇ ಬೇಸಿನವನು ಓಡಬಹುದಾ? ಇವನು ಔಟಾದ್ರೂನಾ?... ಇರಿ, ತಿರುಗ್ತೀನಿ...

ಬಂದಿದಾನೆ! ಹೋಮ್ ಮುಟ್ಟಿದಾನೆ ಸರ್! ಎಲ್ಲರೂ ಅವನ ಮೇಲೆ ಬಿದ್ದಿದಾರೆ... ಇಲ್ಲ, ಅವನನ್ನ ಬಿಟ್ಟು ಶೆರ್ವಿನ್ ಕಡೆ ಓಡ್ತಿದಾರೆ. ಮೂರು ಎರಡು! ಔಟಾಗಿ ಗೆಲ್ಲಿಸಿಬಿಟ್ಟ ಸರ್! ಇದೆಂಥ ಚಂದದ ಆಟ! ಆಂಟಿ, ಗೆದ್ವಿ, ಗೆದ್ವಿ!

...ನಗ್ತಿದಾರೋ ಅಳ್ತಿದಾರೋ ಗೊತ್ತಾಗ್ತಿಲ್ಲ ಸರ್, ಮುಖ ದಿಂಬಿನೊಳಗಿದೆ. ಬೆನ್ನು ಅಲುಗ್ತಿದೆ. ಕೈ ಚಾಚಿದಾರೆ... ಹಾಂ, ಹಿಡ್ಕೊಂಡಿದೀನಿ...

...ಮೇಡಂ ಅಳ್ತಿದಾರಾ? ಅವರಿಗೆ ಶೆರ್ವಿನ್ ಪರಿಚಯ ಆಗಿ ಎರಡು ನಿಮಿಷ ಆಗಿಲ್ಲ!

...ಆಂಟಿ ಏನೋ ಹೇಳ್ತಿದಾರೆ, ತಡೀರಿ... ಮೂರನೇ ಬೇಸಲ್ಲಿ ನಿನ್ನ ಜೊತೆಗಾರ ನಿಂತಿದ್ರೆ ನಿನ್ನ ಹೆಸರಿಗೆ ಆಡಬೇಡ, ಎತ್ತರಕ್ಕೆ ಹೊಡೆದು ಅವನನ್ನ ಮನೆಗೆ ಕಳಿಸು ಅಂತ ಎಂಟು ವರ್ಷದವನಿದ್ದಾಗಿಂದ ಹೇಳ್ತಿದ್ರಂತೆ. ಒಂದು ದಿನಾನೂ ಕೇಳಿರಲಿಲ್ಲವಂತೆ...

...ಸರ್, ಒಂದ್ನಿಮಿಷ, ಮಧ್ಯ ಇನ್ಯಾವುದೋ ಕಾಲ್ ಬರ್ತಿದೆ. ದೊಡ್ಡ ನಂಬರು... ಜಪಾನ್! ಟಿವೀಲೂ ಅವನು ಫೋನ್ ಕಿವಿಗಿಟ್ಟು ನಿಂತಿದಾನೆ ಸರ್, ಮೈದಾನದ ಮಧ್ಯದಲ್ಲೇ! ಹಸಿರು ಒತ್ತಿದ್ರೆ ನೀವು ಹೋಗ್ಬಿಡ್ತೀರಾ?... ಹೂಂ, ಒತ್ತುತೀನಿ, ಮೇಡಮ್ಮನ್ನೂ ಕರ್ಕೊಂಡು ಒಂದು ದಿನ ಖಂಡಿತ ಆಲ್ಮೆರೆಗೆ... ಶೆರ್ವಿನ್? ಯಾ, ಯಾ, ಇಲ್ಲೇ ಇದಾರೆ, ಕೊಡ್ತೀ...